ತನಗೆ ತಾನೇ ತಾಯಿ

ಜೋರ್ನಿತ್ಸಾಗೆ ತಪ್ಪು ಸಿಕ್ಕಿದ್ದು ಭಾನುವಾರ, ಚಳಿಗಾಲಕ್ಕೆಂದು ಕೆಂಪು ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತಿದ್ದಾಗ. ಕೈ ಸಿಪ್ಪೆ ಸುಲಿಯುತ್ತಿತ್ತು, ತಲೆ ಗುರುವಾರದ ಗೋಷ್ಠಿಯ ಲೆಕ್ಕ ಮಾಡುತ್ತಿತ್ತು. ಭೌತಶಾಸ್ತ್ರ ಕಲಿತವರ ಹಣೆಬರಹವೇ ಅಷ್ಟು, ತಲೆಗೆ ರಜೆ ಎಂಬುದಿಲ್ಲ. ಗಂಡನ ಅರ್ಧ ಲೆಕ್ಕಕ್ಕೂ ತನ್ನ ಅರ್ಧ ಲೆಕ್ಕಕ್ಕೂ ನಡುವೆ ಒಂದು ಚಿಹ್ನೆ ತಿರುಗಿಸಬೇಕಿತ್ತು. ಯಾರೂ ತಿರುಗಿಸಿರಲಿಲ್ಲ.

ಅವಳ ಗಂಡ ಸ್ತೊಯ್ಮೆನ್ ಇಲ್ಲೇ ಸೋಫಿಯಾದಲ್ಲಿ ರಷ್ಯನ್ ಪುಸ್ತಕ ಓದಿ ಬೆಳೆದವನು. ಅವನ ಲೆಕ್ಕದಲ್ಲಿ ಕಾಲಕ್ಕೆ ಧನ ಚಿಹ್ನೆ, ಜಾಗಕ್ಕೆ ಋಣ. ಅವಳು ಹೊರದೇಶದಲ್ಲಿ, ತ್ರಿಯೆಸ್ತೆಯಲ್ಲಿ ಕಲಿತವಳು, ಅವಳದು ಇದರ ತಿರುಗುಮುರುಗು. ಎರಡೂ ಸರಿಯೇ, ಬೆರೆಸಬಾರದು ಅಷ್ಟೆ. ಮದುವೆಯಾದಾಗಿನಿಂದ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆಯೇ ಅವರ ಸಂಸಾರ ನಡೆದಿತ್ತು, ಆದರೂ ಒಟ್ಟಿಗೆ ಬರೆದ ಪ್ರತಿ ಲೇಖನದಲ್ಲೂ ಕೊನೆಗೆ ಯಾರಾದರೊಬ್ಬರು ಚಿಹ್ನೆ ತಿರುಗಿಸುತ್ತಿದ್ದರು, ತಿರುಗಿಸುತ್ತಾ ಇನ್ನೊಬ್ಬರನ್ನು ರೇಗಿಸುತ್ತಿದ್ದರು. ಈ ಸಲ ಇವಳು ತಿರುಗಿಸಿದ್ದಾಳೆಂದು ಅವನೆಂದುಕೊಂಡ, ಅವನು ತಿರುಗಿಸಿದ್ದಾನೆಂದು ಇವಳೆಂದುಕೊಂಡಳು. ದೊಡ್ಡ ಮಗಳು ಸತ್ತ ಮೇಲೆ ಆ ಮನೆಯಲ್ಲಿ ಗಂಡಹೆಂಡಿರ ಮಾತು ಅಷ್ಟು ಕಡಿಮೆಯಾಗಿತ್ತು.

ಲೆಕ್ಕ ವಿಶ್ವದ ಹುಟ್ಟಿನದು. ಮೊಟ್ಟಮೊದಲು ಕಾಲ ನೆಟ್ಟಗೆ ಹರಿಯದೆ ಒಂದು ಪುಟ್ಟ ಉಂಗುರವಾಗಿ ಸುತ್ತುತ್ತಿತ್ತು, ಆ ಉಂಗುರ ಕವಲೊಡೆದು ನಮ್ಮ ವಿಶ್ವವಾಯಿತು, ಇನ್ನೊಂದು ಕವಲು ಹಿಂದಕ್ಕೆ ಸುತ್ತಿ ಅದೇ ಉಂಗುರವಾಯಿತು ಎಂಬುದು ಸ್ತೊಯ್ಮೆನ್‌ನ ವಾದ. ಅಂದರೆ ವಿಶ್ವ ತನಗೆ ತಾನೇ ತಾಯಿ. ಆದರೆ ಇಂಥ ಉಂಗುರಕ್ಕೊಂದು ಕಾಯಿಲೆಯಿದೆ. ಒಳಹೊಕ್ಕ ಸಣ್ಣ ಅಲೆಯೂ ಸುತ್ತಿ ಬಂದು ತನ್ನ ಮೇಲೆ ತಾನೇ ಬೀಳುತ್ತದೆ, ಸ್ಪೀಕರಿನ ಮುಂದೆ ಹಿಡಿದ ಮೈಕು ಕಿರುಚುವ ಹಾಗೆ ಬೆಳೆಯುತ್ತಾ ಹೋಗಿ ಉಂಗುರವನ್ನೇ ಸಿಡಿಸುತ್ತದೆ. ಹೋಗುವ ಅಲೆಯ ಲೆಕ್ಕ ಅವನು ಮಾಡಿದ, ಮರಳುವ ಅಲೆಯದು ಇವಳು. ಕೂಡಿಸಿದರೆ ಸೊನ್ನೆ ಬಂತು. ಉಂಗುರ ಸಿಡಿಯುವುದಿಲ್ಲ, ಆರಂಭದಲ್ಲಿ ಮಾತ್ರವಲ್ಲ, ಇಂದು, ಇಲ್ಲಿಯೂ ಕಾಲವನ್ನು ಹಾಗೆ ಬಗ್ಗಿಸಬಹುದು ಎಂದಾಯಿತು.

ದೊಡ್ಡ ಮಗಳು ಇಸ್ಕ್ರಾ ಪಿರಿನ್ ಬೆಟ್ಟದ ಹಿಮಕುಸಿತದಲ್ಲಿ ಸತ್ತಿದ್ದಳು. ಹೋಗಬೇಡ ಎಂದಿದ್ದಳು ತಾಯಿ. "ಹೋಗ್ಲಿ ಬಿಡೇ, ವಯಸ್ಸಿನ ಹುಡುಗಿ" ಎಂದು ಕಾರಿನ ಬೀಗದ ಕೈ ಕೊಟ್ಟವನು ತಂದೆ. ಆ ಬೀಗದ ಕೈ ಕೊಡದ ಒಂದು ಬೆಳಗ್ಗೆ ಅವನಿಗೆ ಬೇಕಾಗಿತ್ತು. ಎಲ್ಲರೂ ಬಾಗಿಲಿಗೆ, ಲೈಟುಕಂಬಕ್ಕೆ ಸತ್ತವರ ಫೋಟೋ ಇರುವ ಕಪ್ಪಂಚಿನ ಹಾಳೆ ಅಂಟಿಸುವ ಊರಿನಲ್ಲಿ ಅವನು ಮಗಳ ಹಾಳೆಯನ್ನು ಅಂಟಿಸಗೊಡಲಿಲ್ಲ. ಸತ್ತಳು ಎಂಬ ಮಾತನ್ನೇ ಅವನು ಆಡಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ, ಅವನ ಹುಲ್ಲುಕಡ್ಡಿ ಆ ಸೊನ್ನೆ.

ಹೇಳದೇ ಇದ್ದುಬಿಡೋಣ ಎಂದೇ ಜೋರ್ನಿತ್ಸಾ ಮೊದಲು ಅಂದುಕೊಂಡಳು. ಹೇಳಿದರೆ ಈ ಮನುಷ್ಯ ಬದುಕುವುದಿಲ್ಲ ಎಂಬ ಭಯ ಅವಳಿಗೆ. ಚಿಹ್ನೆ ತಿರುಗಿಸಿ ಮತ್ತೆ ಮಾಡಿದಳು, ಬೇರೆ ದಾರಿ ಹಿಡಿದು ಮಾಡಿದಳು, ದೇವರನ್ನು ನಂಬದವಳು ದೇವರನ್ನು ಬೇಡಿಕೊಂಡು ಮಾಡಿದಳು. ಪ್ರತಿ ಸಲವೂ ಉಂಗುರ ಸಿಡಿಯಿತು. ಆರಂಭದಲ್ಲಿ, ಇನ್ನೂ ಯಾರೂ ಇಲ್ಲದಿದ್ದಾಗ, ಆ ಒಂದೇ ಒಂದು ಕಡೆ ಮಾತ್ರ ಅದು ಉಳಿಯಿತು.

ಅವಳ ನಿರ್ಧಾರ ಕೆಡಿಸಿದವಳು ಚಿಕ್ಕ ಮಗಳು ನೆವೆನಾ. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ, ಈಚೆಗೆ ಸ್ಕೂಲಿಗೆ ಹೋಗುವುದನ್ನೇ ಬಿಟ್ಟಿದ್ದಳು. ಊಟಕ್ಕೆ ಕರೆದರೆ ಹಾಸಿಗೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದಳು.

"ಏಳೇ, ಪರೀಕ್ಷೆ ಹತ್ರ ಬಂತು."

"ಯಾಕಮ್ಮಾ ಓದ್ಬೇಕು? ಅಪ್ಪ ಹಿಂದಕ್ಕೆ ಹೋಗಿ ಅಕ್ಕನ್ನ ತಡೆದ್ರೆ ಇದೆಲ್ಲಾ ಅಳಿಸಿಹೋಗತ್ತಲ್ಲ."

"ಯಾರು ಹಾಗಂದಿದ್ದು?"

"ಅಪ್ಪನೇ. ನಾನು ಗಣಿತದಲ್ಲಿ ಫೇಲಾದಾಗ, 'ಬಿಡು ಪುಟ್ಟಿ, ಇದು ಯಾವ್ದೂ ನಿಜ ಅಲ್ಲ, ಇದು ಕಚ್ಚಾ ಪ್ರತಿ' ಅಂದ್ರು. ಆವಾಗ ಈ ನಾನು ಎಲ್ಲಿಗೆ ಹೋಗ್ತೀನಮ್ಮಾ?"

ಜೋರ್ನಿತ್ಸಾ ಹಾಸಿಗೆಯ ಅಂಚಿಗೆ ಕೂತಳು. ಹುಡುಗಿಯ ಮಣಿಕಟ್ಟು ಹಿಡಿದರೆ ಬರೀ ಎಲುಬು. ಒಬ್ಬಳನ್ನು ಹಿಮ ತಿಂದಿತ್ತು, ಇನ್ನೊಬ್ಬಳನ್ನು ಒಂದು ಸೊನ್ನೆ ತಿನ್ನುತ್ತಿತ್ತು, ಆ ಸೊನ್ನೆಯಲ್ಲಿ ಅರ್ಧ ಪಾಲು ತನ್ನದು.

ಹೇಳಲು ಹೋದಳು, ಹೋಗಲಿಲ್ಲ ಎನ್ನುವ ಹಾಗಿಲ್ಲ. ಬುಧವಾರ ಸಂಜೆ ಸ್ತೊಯ್ಮೆನ್ ತಾನೇ ಅಂಗಿಗೆ ಇಸ್ತ್ರಿ ಹಾಕಿಕೊಳ್ಳುತ್ತಾ ಏನೋ ಗುನುಗುತ್ತಿದ್ದ.

"ಸ್ತೊಯ್ಮೆನ್, ಆ ಲೆಕ್ಕ..."

"ಜೋರಾ, ಇವತ್ತು ಬೇಡ. ನಾಳೆ ಒಂದು ದಿನ ನಾನು ಗೆಲ್ತೀನಿ, ಆಮೇಲೆ ನೀನು ಏನ್ ಬೇಕಾದ್ರೂ ಬೈಯಿ."

ಅವನು ನಕ್ಕ. ಆ ನಗು ಕಂಡು ಎಷ್ಟು ಕಾಲವಾಗಿತ್ತೋ. ಹೇಡಿ, ಎಂದು ತನ್ನನ್ನೇ ಬೈದುಕೊಂಡು ಅವಳು ಅಡುಗೆಮನೆಗೆ ವಾಪಸಾದಳು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಗೋಷ್ಠಿಯಲ್ಲಿ ಪ್ರೊಫೆಸರ್ ಗೆರ್ಜಿಕೋವ್ ಇರುತ್ತಾನೆ, ಅವನು ಹಿಡಿಯುತ್ತಾನೆ, ಹೇಳಿದ ಪಾಪ ಅವನಿಗಿರಲಿ ಎಂದು ಸಮಾಧಾನ ಮಾಡಿಕೊಂಡಳು.

ಗೆರ್ಜಿಕೋವ್ ಎಂದರೆ ಇಡೀ ಸಂಸ್ಥೆಗೇ ನಡುಕ. ಭಾಷಣಕಾರನನ್ನು ಮೊದಲ ಸಾಲಿನಿಂದಲೇ ಸೀಳಿಹಾಕುವ ಮುದುಕ. ಸ್ತೊಯ್ಮೆನ್ ಒಳಬಂದಾಗಲೂ ಬಿಡಲಿಲ್ಲ.

"ಏನಯ್ಯಾ, ಮದುಮಗನ ಥರ ಬಂದಿದ್ದೀಯ! ಅಂಗಿಗೆ ಇಸ್ತ್ರಿ ಆಗಿದೆ, ಲೆಕ್ಕದಲ್ಲಿ ಸುಕ್ಕಿದ್ರೆ ನಾನು ಸುಮ್ನಿರಲ್ಲ."

"ಹುಡುಕಿ ಮೇಷ್ಟ್ರೇ, ಸಿಕ್ಕಿದ್ರೆ ಒಂದು ಗ್ಲಾಸು ರಾಕಿಯಾ ಕುಡಿಸ್ತೀನಿ."

ಎಲ್ಲರೂ ನಕ್ಕರು. ಸ್ತೊಯ್ಮೆನ್ ಸೀಮೆಸುಣ್ಣ ಹಿಡಿದ. ಹಲಗೆಯ ಎಡಕ್ಕೆ ತನ್ನ ಅರ್ಧ, ಬಲಕ್ಕೆ ಹೆಂಡತಿಯ ಅರ್ಧ ಬರೆದ, ನಡುವೆ ಅಧಿಕ ಚಿಹ್ನೆ ಹಾಕಿದ. ರಷ್ಯನ್ ಪುಸ್ತಕದಲ್ಲಿ ಕಲಿತ ಹಳಬರು ಎಡಗಡೆಯದನ್ನು ಓದಿ ತಲೆದೂಗಿದರು, ಹೊರದೇಶದಲ್ಲಿ ಕಲಿತ ಹೊಸಬರು ಬಲಗಡೆಯದನ್ನು ಓದಿ ತಲೆದೂಗಿದರು. ಜೋರ್ನಿತ್ಸಾ ನೋಡುತ್ತಿದ್ದುದು ಗೆರ್ಜಿಕೋವ್‌ನ ಕಣ್ಣನ್ನು. ಅದು ಎಡದಿಂದ ಬಲಕ್ಕೆ ಹರಿಯಿತು, ಅಧಿಕ ಚಿಹ್ನೆಯ ಬಳಿ ತಟಕ್ಕನೆ ನಿಂತಿತು. ಮುದುಕನ ಬಾಯಿ ತೆರೆಯಿತು. ಆಮೇಲೆ ಅವನು ಸ್ತೊಯ್ಮೆನ್‌ನ ಮುಖ ನೋಡಿದ, ಬಾಯಿ ಮುಚ್ಚಿ ತನ್ನ ಬೂಟು ನೋಡುತ್ತಾ ಕೂತ.

ಜೀವಮಾನದಲ್ಲಿ ಒಂದೇ ಒಂದು ಸಲ ಆ ಮನುಷ್ಯನಿಗೆ ಕರುಣೆ ಬಂದಿತ್ತು, ಅದೂ ಈ ದಿನವೇ ಬರಬೇಕಾಗಿತ್ತು!

"ಪ್ರಶ್ನೆ ಇದೆಯಾ?" ಎಂದ ಸ್ತೊಯ್ಮೆನ್. ಅವನ ಮುಖ ಬೆಳಗುತ್ತಿತ್ತು. ಯಾರೋ ಚಪ್ಪಾಳೆ ಶುರುಮಾಡಿದರು.

ಜೋರ್ನಿತ್ಸಾ ಎದ್ದು ನಿಂತಳು.

"ಸ್ತೊಯ್ಮೆನ್, ನನ್ನರ್ಧ ನನ್ನ ಚಿಹ್ನೇಲಿದೆ."

"ಗೊತ್ತು. ನೀನು ತಿರುಗಿಸಿದ್ದೀಯಲ್ಲ."

"ಇಲ್ಲ. ನೀನು ತಿರುಗಿಸಿದ್ದೀಯ ಅಂದ್ಕೊಂಡೆ."

ಅವನು ಹಲಗೆಗೆ ತಿರುಗಿದ. ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ, ಅವನೂ ಕಲಿತವನೇ. ಬಲಗಡೆಯ ಚಿಹ್ನೆಯನ್ನು ಬೆರಳಿನಿಂದ ಒರೆಸಿ ಸರಿಪಡಿಸಿದ, ಕೂಡಿಸಿದ, ಸೊನ್ನೆಯನ್ನು ಅಳಿಸಿ ಅನಂತ ಬರೆದ. ಬೆನ್ನು ಹಾಗೆಯೇ ಇತ್ತು, ತಿರುಗಲಿಲ್ಲ.

"ಯಾವಾಗ ಗೊತ್ತಾಯ್ತು ಜೋರಾ?"

"ಭಾನುವಾರ."

"ಆರಂಭದಲ್ಲಿ ಮಾತ್ರ ಉಳಿಯತ್ತೆ ಅಲ್ವಾ?"

"ಹೂಂ. ಅಲ್ಲಿ ಮಾತ್ರ."

"ಅಲ್ಲಿ ಅವಳು ಇನ್ನೂ ಹುಟ್ಟೇ ಇಲ್ಲ," ಎಂದ. ಆಮೇಲೆ, ಪಾಠ ಒಪ್ಪಿಸುವ ಹುಡುಗನ ಹಾಗೆ, "ನನ್ನ ಮಗಳು ಸತ್ತುಹೋಗಿದ್ದಾಳೆ," ಎಂದು ಕುರ್ಚಿ ಹುಡುಕಿದ. ಗೆರ್ಜಿಕೋವ್ ಎದ್ದು ಹೋಗಿ ಅವನ ಭುಜ ಹಿಡಿದು ಕೂರಿಸಿದ. ಸ್ತೊಯ್ಮೆನ್ ಅಷ್ಟು ಜನರ ಮುಂದೆ ಬಾಯಿಬಿಟ್ಟು ಅತ್ತ.

ಜೋರ್ನಿತ್ಸಾ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಕೊಂದೆ, ಇವನನ್ನು ನಾನೇ ಕೊಂದೆ ಎನಿಸಿತು. ಆದರೂ ಅವಳ ಇನ್ನೊಂದು ಕೈ ಫೋನು ತೆಗೆದು ಮನೆಗೆ ಕರೆ ಮಾಡಿತು. ಇವನನ್ನು ಕೆಡವಿದ್ದು ಯಾರಿಗಾಗಿ, ಆ ಒಬ್ಬಳಾದರೂ ಎದ್ದು ಕೂರಬೇಕಿತ್ತು.

"ನೆವೆನಾ, ಅಪ್ಪನ ಲೆಕ್ಕ ತಪ್ಪು ಕಣೇ. ಹಿಂದಕ್ಕೆ ದಾರಿ ಇಲ್ಲ. ಯಾವ್ದೂ ಅಳಿಸಲ್ಲ, ನೀನು ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀಯ. ಕೇಳಿಸ್ತಾ?"

ಹುಡುಗಿ ನಿಟ್ಟುಸಿರು ಬಿಡುತ್ತಾಳೆ, ಅಳುತ್ತಾಳೆ, ಹಸಿವು ಅನ್ನುತ್ತಾಳೆ ಎಂದು ಜೋರ್ನಿತ್ಸಾ ಕಾದಳು.

"ಹಾಗಾದ್ರೆ ಅಕ್ಕ?" ಎಂದಳು ನೆವೆನಾ. "ಅಕ್ಕ ಬರಲ್ವಾ ಅಮ್ಮಾ?"