ಬಲಗೈಗೆ ಒಂದೂವರೆ ಇಂಚು

ಕುತ್ತಿಗೆ ಪಟ್ಟಿ ಚೆನ್ನಾಗಿ ಕೂತಿದೆ, ಒಪ್ಪಬೇಕು, ವೇದಿಕೆಯ ದೀಪದ ಕೆಳಗೆ ಹಾಡಮ್ಮನ ಮೈಮೇಲೆ ಆ ಹಸಿರು ನಿಲುವಂಗಿ ಒಂದು ಸುಕ್ಕಿಲ್ಲದೆ ಇಳಿದಿದೆ, ಅಂಚಿನ ಹೊಲಿಗೆಯೂ ನೇರ — ನೇರ ಇರದೆ ಏನು, ಕಲಿಸಿದವಳು ನಾನು, ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಬಾರದ ಓರಗಿತ್ತಿ, ಈಗ ಪಕ್ಕದ ಕುರ್ಚಿಯಲ್ಲಿ ಕತ್ತು ಚಾಚಿ ಕೂತಿದ್ದಾಳೆ, ತಾನು ಹೊಲಿದದ್ದನ್ನು ತಾನೇ ನೋಡಿ ನೋಡಿ ತಣಿಯದೆ. ಅಕ್ಕಾ, ಬಣ್ಣ ಒಪ್ಪುತ್ತಲ್ವಾ ಅವರಿಗೆ? ಒಪ್ಪುತ್ತೆ ಕಣೇ. ಬಾಯಿ ಅಂದಿತು, ಹೊಟ್ಟೆಯೊಳಗೆ ಕಾದ ಇಸ್ತ್ರಿಪೆಟ್ಟಿಗೆ. ಹಾಡಮ್ಮ ಡೋಲು ಹೆಗಲಿಗೇರಿಸಿದರು, ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ನಾನೂ ತಟ್ಟುತ್ತೇನೆ, ಇಪ್ಪತ್ತೆರಡು ವರ್ಷದಿಂದ ತಟ್ಟುತ್ತಿದ್ದೇನೆ, ಅವರು ಈ ಊರಿಗೆ ಬಂದ ಒಂದು ಸಲವೂ ತಪ್ಪಿಸಿಲ್ಲ, ಜ್ವರದಲ್ಲೂ ಬಂದಿದ್ದೇನೆ, ನಿನಗೆ ಗಂಡ ಹೆಚ್ಚೋ ಆ ಹಾಡು ಹೆಚ್ಚೋ ಅಂತ ನಮ್ಮವರು ಗದರಿದ ದಿನವೂ ಅಡುಗೆ ಮುಚ್ಚಿಟ್ಟಿದೀನಿ ಬಡಿಸ್ಕೊಳ್ಳಿ ಅಂತ ಹೊರಟು ಬಂದವಳು. ಇವಳಿಗೆ ಇದು ಮೊದಲ ಸಲ. ಹಾಡಿನ ತಲೆಬುಡ ಗೊತ್ತಿಲ್ಲ, ನನಗಿಂತ ಮೊದಲೇ ತಲೆದೂಗುತ್ತಾಳೆ, ಗುರುವಿಗೇ ತಿರುಮಂತ್ರ.

ಏಳು ವರ್ಷದ ಹಿಂದೆ ಇದೇ ಸಭಾಂಗಣ, ಶುರುವಾಗಲು ಹತ್ತು ನಿಮಿಷ ಇದ್ದಾಗ ಯಾರೋ ಹೊರಗೆ ಬಂದು ಸೂಜಿ ದಾರ ಇರೋರು ಇದೀರಾ ಅಂತ ಕೂಗಿದರು, ನನ್ನ ಚೀಲದಲ್ಲಿ ಸೂಜಿ ಇಲ್ಲದ ದಿನ ಯಾವುದು, ಎದ್ದುಬಿದ್ದು ಓಡಿದೆ, ಹಾಡಮ್ಮನ ಬಲಗಂಕುಳಲ್ಲಿ ಹೊಲಿಗೆ ಬಿಟ್ಟುಹೋಗಿದೆ, ಮೈಮೇಲೆಯೇ ಹಾಕಿದೆ, ಸೋಪಿನ ವಾಸನೆ, ಕಿವಿಯ ಹಿಂದೆ ಒಂದು ಮಚ್ಚೆ, ಅಷ್ಟು ಹತ್ತಿರ. ಡೋಲು ಬಾರಿಸಿ ಬಾರಿಸಿ ಬಲತೋಳು ದಪ್ಪ ಕಣಮ್ಮ ನಂದು, ಎಲ್ಲರೂ ಎಡಗೈ ನೋಡ್ಕೊಂಡೇ ಎರಡೂ ಹೊಲಿದುಬಿಡ್ತಾರೆ, ಅಂದರು. ಟೇಪು ಹಿಡಿದೆ. ಎಡಗಂಕುಳು ಸುತ್ತ ಹದಿನೇಳು, ಬಲಕ್ಕೆ ಒಂದೂವರೆ ಇಂಚು ಹೆಚ್ಚು. ನಿನ್ನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು ಕಣೇ, ಮುಂದಿನ ಬಟ್ಟೆ ನೀನೇ ಹೊಲಿ. ಅಳತೆ ಪುಸ್ತಕದಲ್ಲಿ ಒಂದು ಹಾಳೆ ಪೂರ್ತಿ ಅವರಿಗೆ, ಏಳು ವರ್ಷ ಆ ಹಾಳೆಯಲ್ಲಿ ಬೇರೆಯವರ ಒಂದಂಕಿ ಬರೆಯಲಿಲ್ಲ, ಬಂದೇ ಬರುತ್ತಾರೆ ಅಂತ. ಬಂದದ್ದು ಅವರ ಬಟ್ಟೆ, ಅದೂ ಬೇರೆ ಬಾಗಿಲಿಗೆ. ಇವಳ ಹೊಲಿಗೆ ಅಂಗಡಿ ದೊಡ್ಡ ರಸ್ತೆಯಲ್ಲಿ, ಗಾಜಿನ ಬಾಗಿಲು, ನನ್ನದು ಗಿರಣಿ ಹಿಂದಿನ ಸಂದಿ, ಯಾರ ಕಣ್ಣಿಗೆ ಬೀಳಬೇಕು. ಹೋದ ತಿಂಗಳು ಕುಣಿಯುತ್ತ ಬಂದಳು — ಅಕ್ಕಾ, ಅವರ ಕಡೆಯವರು ಬಟ್ಟೆ ಕೊಟ್ಟು ಹೋದ್ರು, ಅವರಿಗೆ ಬರೋಕೆ ಪುರುಸೊತ್ತಿಲ್ವಂತೆ, ಅಳತೆ ನಿಮ್ಮ ಹತ್ರ ಇದೆಯಲ್ಲಾ, ಹೇಳಿ ಬರ್ಕೋತೀನಿ. ಒಂದು ಹಿಡಿ ಉಪ್ಪು ಕೇಳುವ ಹಾಗೆ ಕೇಳಿದಳು. ನಗುತ್ತಲೇ ಪುಸ್ತಕ ತೆಗೆದೆ, ಎದೆ ಇಷ್ಟು, ಉದ್ದ ಇಷ್ಟು, ಎಡಗಂಕುಳು ಹದಿನೇಳು. ಬಲ? ಕೇಳಿದಳು, ಕೇಳಲೇ ಇಲ್ಲ ಅಂತ ಹೇಗೆ ಹೇಳಲಿ, ಪೆನ್ನು ಹಿಡಿದುಕೊಂಡೇ ಕೇಳಿದಳು. ಅದೂ ಅಷ್ಟೇ, ಅಂದೆ.

ಅದರಿಂದ ಯಾರ ಗಂಟು ಹೋಗುತ್ತೆ, ಕಂಕುಳು ಸ್ವಲ್ಪ ಬಿಗಿಯಾಗಲಿ, ಹಾಡಮ್ಮ ಮುಖ ಸಿಂಡರಿಸಲಿ, ಸಂದಿಯಲ್ಲೊಬ್ಬಳು ಇದ್ದಳಲ್ಲ ಅಂತ ನೆನೆಯಲಿ, ಅಷ್ಟೇ ಬೇಕಿತ್ತು ನನಗೆ — ಅಗೋ ನನ್ನ ಹಾಡು, ಡೋಲಿನ ಪೆಟ್ಟು ನಿಧಾನವಾಯಿತು, ಮೂರನೆಯ ಸಾಲಿಗೆ ಅವರು ಡೋಲು ನಿಲ್ಲಿಸಿ ಅಟ್ಟದ ಮೇಲಿನ ಡಬ್ಬಿಗೆ ಚಾಚುವವರ ಹಾಗೆ ಬಲಗೈ ಎತ್ತುತ್ತಾರೆ, ಕೈಯ ಹಿಂದೆಯೇ ದನಿ ಏರುತ್ತದೆ, ನನ್ನಮ್ಮ ತೀರಿಕೊಂಡ ವರ್ಷ ಕಲ್ಲಾಗಿದ್ದವಳು ಆ ಕೈ ಏರಿದಾಗಲೇ ಅತ್ತದ್ದು, ಇಲ್ಲೇ, ಇಂಥದೇ ಕುರ್ಚಿಯಲ್ಲಿ. ಇವಳು ಕಿವಿಯ ಹತ್ತಿರ ಬಾಗುತ್ತಾಳೆ. ಅಕ್ಕಾ, ಬಟ್ಟೆ ಕಳಿಸೋವಾಗ ಚೀಟಿ ಬರೆದಿಟ್ಟೆ, ಅಳತೆ ಎಲ್ಲ ನಮ್ಮಕ್ಕಂದೇ, ಇಲ್ಲೇ ನಿಮಗೆ ಹೊಲಿಗೆ ಹಾಕಿದ್ರಲ್ಲ ಅವರೇ ಅಂತ. ಎಷ್ಟು ಖುಷಿಪಟ್ರಂತೆ ಗೊತ್ತಾ! ಮುಗಿದ ಮೇಲೆ ನಿಮ್ಮನ್ನ ಒಳಗೆ ಕರ್ಕೊಂಡು ಬರ್ಬೇಕಂತೆ, ಮೊದಲೇ ಹೇಳಿದ್ರೆ ಮಜಾ ಇರಲ್ಲ ಅಂತ ಸುಮ್ನಿದ್ದೆ. ಬೇಡ, ಈಗ ಮಾತಾಡಬೇಡ, ಎರಡನೆಯ ಸಾಲು ಮುಗಿಯಿತು, ಅಯ್ಯೋ ಎತ್ತಬೇಡಿ, ಎತ್ತಿದರು, ಬಲಗೈ ಹೆಗಲ ಮಟ್ಟಕ್ಕೆ ಬಂದು ನಿಂತಿತು. ಹಸಿರು ಬಟ್ಟೆ ಕಂಕುಳಿಂದ ಬೆನ್ನಿನವರೆಗೆ ಜಗ್ಗಿತು. ದನಿಯೂ ಅಲ್ಲೇ ನಿಂತು ಒಡೆಯಿತು. ಇನ್ನೊಂದು ಸಲ ಎತ್ತುತ್ತಾರೆ, ಮತ್ತೆ ಹೆಗಲ ಮಟ್ಟಕ್ಕೆ, ಅವರು ಕೈಯನ್ನೇ ನೋಡಿಕೊಂಡರು, ನಕ್ಕು ಕೆಳಗಿಳಿಸಿದರು, ಮೇಳದವರು ಸಾಲನ್ನು ಎತ್ತಿಕೊಂಡರು, ಜನಕ್ಕೇನು, ಚಪ್ಪಾಳೆ. ವಯಸ್ಸಾಯ್ತಲ್ವಾ ಪಾಪ, ಅನ್ನುತ್ತಾಳೆ ಇವಳು, ಕಣ್ಣಲ್ಲಿ ನೀರು, ಒಂದಿಷ್ಟೂ ಅನುಮಾನವಿಲ್ಲ. ಚೀಲದಲ್ಲಿ ಸೂಜಿ ಇದೆ, ದಾರ ಇದೆ, ಹೊಲಿಗೆ ಬಿಚ್ಚಿ ಹಾಕಲು ಹತ್ತು ನಿಮಿಷ ಸಾಕು, ಆದರೆ ಹಾಡು ಆಗಿಹೋಯಿತು — ಏಳಿ ಅಕ್ಕಾ, ಕರೀತಿದಾರೆ, ಹಾಡೆಲ್ಲ ಮುಗಿದು ಸಭಾಂಗಣದ ದೀಪ ಹತ್ತಿತು, ಹಾಡಮ್ಮ ಪರದೆಯ ಪಕ್ಕದಲ್ಲಿ ನಿಂತು ನನ್ನನ್ನೇ ನೋಡಿ ಬಾ ಅನ್ನುತ್ತಿದ್ದಾರೆ, ಎಡಗೈಯಲ್ಲಿ ಅಲ್ಲ, ಬಲಗೈ ಎತ್ತಿ, ಹೆಗಲ ಮಟ್ಟಕ್ಕೆ, ಅಲ್ಲಿಗೇ, ಅದಕ್ಕಿಂತ ಮೇಲಕ್ಕಿಲ್ಲ, ಆ ಕೈ —