ಎರ್ಸೀಲಿಯಳಿಗೆ ಬಿದ್ದ ಹನ್ನೆರಡು ಚೀಟಿ

ಆರನೆಯ ಚೀಟಿಯಲ್ಲೂ ತನ್ನ ಹೆಸರೇ ಬಂದಾಗ ಸಿಸ್ಟರ್ ಎರ್ಸೀಲಿಯ ಕತ್ತೆತ್ತಿ ನೋಡಿದಳು. ಫಾದರ್ ತಾರ್ಚೀಸಿಯೊ ಬೇರೆ ಯಾರದೋ ಕನ್ನಡಕ ಹಾಕಿಕೊಂಡು ಬಂದಿದ್ದಾರೆ ಎಂದುಕೊಂಡಳು. ಫಾದರ್ ಏಳನೆಯದನ್ನು ಬಿಚ್ಚಿದರು, ಕಿಟಕಿಯ ಬೆಳಕಿಗೆ ಹಿಡಿದರು, ಹಿಂದುಮುಂದು ಮಾಡಿ ನೋಡಿದರು.

"ಎರ್ಸೀಲಿಯ."

ಸಾಂತಾ ಬ್ರಿಜಿದಾ ಮಠದ ಸಭಾಂಗಣದಲ್ಲಿ ಹದಿಮೂರು ಮಂದಿ ಸನ್ಯಾಸಿನಿಯರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಎಲ್ಲರನ್ನೂ ಆಳುತ್ತಿದ್ದ ಹಳೆಯ ಮಠದಮ್ಮ ತೀರಿಕೊಂಡು ತಿಂಗಳಾಗಿತ್ತು; ಮಠದಲ್ಲಿ 'ಅಮ್ಮ' ಎಂದು ಕರೆಯುತ್ತಿದ್ದದ್ದು ಅವರೊಬ್ಬರನ್ನೇ. ಬಿಷಪ್ಪರು ಹೊಸಬರ ಆಯ್ಕೆ ಮಾಡಿಸಲು ಈ ಫಾದರನ್ನು ಕಳಿಸಿದ್ದರು. ಕೊನೆಯ ಚೀಟಿಯನ್ನೂ ಬಿಚ್ಚಿದ ಮೇಲೆ ನೋಡಿದರೆ, ಹನ್ನೆರಡು ಎರ್ಸೀಲಿಯಳಿಗೆ, ಒಂದು ಮಾತ್ರ ಕಿವಿ ಕೇಳದ ತೊಂಬತ್ತರ ಅಜ್ಜಿ ತೆಯೊದೊಲಿಂದಳಿಗೆ. ಆ ಒಂದನ್ನು ಹಾಕಿದವಳು ಎರ್ಸೀಲಿಯಳೇ.

ಎಲ್ಲರೂ ಎಲ್ಲರ ಮುಖ ನೋಡಿಕೊಂಡರು. ಮನೆಯಲ್ಲಿ ಕಳ್ಳ ಹೊಕ್ಕಿದ್ದಾನೆ, ಆದರೆ ಬಾಗಿಲು ತೆಗೆದವರು ನಾವೇ ಎಂದು ಗೊತ್ತಾದವರ ಮುಖ ಹಾಗಿರುತ್ತದೆ.

"ಸಿಸ್ಟರ್ ಎರ್ಸೀಲಿಯ, ಈ ಆಯ್ಕೆಯನ್ನ ಒಪ್ಕೊಳ್ತೀರಾ?" ಎಂದು ಫಾದರ್ ಕೇಳಿದರು.

ಎರ್ಸೀಲಿಯ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡಳು. ಅವಳು ಈ ಮಠದ ಬಾಗಿಲು ಕಾಯುವವಳು. ಬಾಗಿಲ ಪಕ್ಕದ ಗೋಡೆಯಲ್ಲೊಂದು ಮರದ ತಿರುಗುಗೂಡು. ಹೊರಗಿನವರು ಗಂಟೆ ಎಳೆದು ಅದರಲ್ಲಿ ಮೊಟ್ಟೆಯನ್ನೋ ಪ್ರಾರ್ಥನೆಯ ಕೋರಿಕೆಯನ್ನೋ ಇಡುತ್ತಾರೆ, ಇವಳು ಒಳಗಿನಿಂದ ತಿರುಗಿಸಿ ತೆಗೆದುಕೊಂಡು, ಸೋಂಪಿನ ಬಿಸ್ಕತ್ತಿಟ್ಟು ಮತ್ತೆ ತಿರುಗಿಸುತ್ತಾಳೆ. ಇತ್ತಲವರು ಅತ್ತಲವರಿಗೆ ಕಾಣುವುದಿಲ್ಲ. ಮೂವತ್ತೊಂದು ವರ್ಷ ಅವಳು ಮಾಡಿದ್ದು ಇಷ್ಟೇ. ಲ್ಯಾಟಿನ್ ಬಾರದು, ಹಾಡಲು ನಿಂತರೆ ಪಕ್ಕದವರ ರಾಗವೂ ಕೆಡುತ್ತದೆ.

"ನಂಗೆ... ಸ್ವಲ್ಪ ಹೊತ್ತು ಕೊಡಿ, ಫಾದರ್."

ಫಾದರ್ ಗಡಿಯಾರ ನೋಡಿದರು. ಅಡುಗೆಮನೆಯಿಂದ ಮೊಲದ ಮಾಂಸದ ಗಮಲು ಬರುತ್ತಿತ್ತು. "ಅರ್ಧ ಗಂಟೆ ತಗೊಳ್ಳಿ. ಅದಕ್ಕಿಂತ ತಡ ಆದ್ರೆ ಪಾಸ್ತಾ ಬೆಂದು ಅಂಟಾಗಿಬಿಡುತ್ತೆ. ಬಿಷಪ್ಪರು ಕ್ಷಮಿಸಬಹುದು, ನಾನು ಕ್ಷಮಿಸಲ್ಲ."

ಎರ್ಸೀಲಿಯ ನೇರ ತನ್ನ ಬಾಗಿಲ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕುಸಿದಳು. ಇಲ್ಲಿಗೆ ಬಂದರೆ ಅವಳಿಗೆ ಸಮಾಧಾನ. ಇಂದು ಅದೂ ಇಲ್ಲ. ಯಾಕೆ ನಾನು? ಇವರಿಗೇನು ಬುದ್ಧಿ ಕೆಟ್ಟಿತೇ? ಆದರೂ, ಸುಳ್ಳೇಕೆ ಹೇಳಬೇಕು, ಒಳಗೆಲ್ಲೋ ಒಂದು ಸಣ್ಣ ಬೆಚ್ಚಗಿನ ಆಸೆ ಅಲುಗಾಡಿತು. ಹನ್ನೆರಡು ಜನ! ನನ್ನಲ್ಲಿ ನನಗೇ ಕಾಣದ್ದೇನಾದರೂ ಇವರಿಗೆ ಕಂಡಿತೇ?

ಅಷ್ಟರಲ್ಲಿ ಸಿಸ್ಟರ್ ನಾತಾಲೀನ ದಡಬಡಿಸಿ ಒಳಗೆ ಬಂದಳು. ಬಿಸ್ಕತ್ತಿನ ಒಲೆಗೆ ಯಜಮಾನಿ, ಮೈಯಲ್ಲೂ ಮಾತಿನಲ್ಲೂ ದಪ್ಪ. ಮುಂದಿನ ಮಠದಮ್ಮ ಒಂದೋ ಇವಳು, ಇಲ್ಲವೇ ಗಾಯನದ ಗುರು ಫುಲ್ಜೆನ್ಸಿಯ ಎಂದು ಬೀದಿಯ ಬೆಕ್ಕಿಗೂ ಗೊತ್ತಿತ್ತು.

"ಎರ್ಸೀಲಿಯಕ್ಕ, ಬೇಜಾರು ಮಾಡ್ಕೋಬೇಡ. ಒಂದು ತಪ್ಪಾಗೋಗಿದೆ."

"ಏನು ತಪ್ಪು?"

"ಮೊದಲ್ನೇ ಸುತ್ತಲ್ಲಿ ನಮ್ಮಲ್ಲಿ ಯಾರೂ ನಿಜವಾದ ಓಟು ಹಾಕಲ್ಲ ಕಣೆ. ಗಾಳಿ ಯಾವ ಕಡೆ ಬೀಸ್ತಿದೆ ನೋಡ್ಬೇಕಲ್ಲ. ನಾನು ನಂಗೇ ಹಾಕ್ಕೊಳ್ಳೋ ಹಾಗಿಲ್ಲ, ಆ ಫುಲ್ಜೆನ್ಸಿಯಂಗೆ ಹಾಕಕ್ಕೆ ಕೈ ಬರಲ್ಲ. ಅದಕ್ಕೇ ಯಾರಿಗೂ ನೋವಾಗದಂಗೆ, ಗೆಲ್ಲೋ ಭಯಾನೂ ಇಲ್ದಂಗೆ, ಒಂದು ಹೆಸರು ಬರೆದು ಎಸೆದುಬಿಡೋದು. ನಾನೊಬ್ಬಳೇ ನಿನ್ನ ಹೆಸರು ಬರೀತಿದೀನಿ ಅಂದ್ಕೊಂಡೆ. ಈಗ ವಿಚಾರಿಸಿದ್ರೆ ಎಲ್ಲಾ ಮಾರಾಯ್ತೀರೂ ಹಂಗೇ ಅಂದ್ಕೊಂಡಿದ್ರಂತೆ!"

ಎರ್ಸೀಲಿಯಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಬೆಚ್ಚಗಿನ ಆಸೆ ಇದ್ದ ಜಾಗದಲ್ಲಿ ಈಗ ಬರೀ ನಾಚಿಕೆ.

"ನಾನೇ ಯಾಕೆ?"

"ಪ್ರತಿ ಸಲ ನಿಂಗೊಂದು ಓಟು ಬೀಳತ್ತಲ್ಲ, ಅದನ್ನ ನೋಡಿ ನೋಡಿ ರೂಢಿ ಆಗೋಗಿದೆ. ಎಸೆಯೋ ಓಟು ಅಂದ್ರೆ ಎರ್ಸೀಲಿಯಕ್ಕನ ಓಟು ಅಂತ." ನಾತಾಲೀನ ಅವಳ ಭುಜ ತಟ್ಟಿದಳು. "ನೀನು ಆಗಲ್ಲ ಅಂದುಬಿಡು. ಎರಡ್ನೇ ಸುತ್ತು ಮಾಡ್ತಾರೆ. ನಿಂಗೂ ನೆಮ್ಮದಿ, ಮಠಕ್ಕೂ ನೆಮ್ಮದಿ."

ಆ ಒಂದು ಓಟಿನ ಮಾತು ನಿಜ. ಆರು ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯಲ್ಲಿ, ಹಿಂದಿನ ಮೂರು ಸಲವೂ, ಎಲ್ಲ ಹೆಸರುಗಳ ನಡುವೆ ಒಂದೇ ಒಂದು 'ಎರ್ಸೀಲಿಯ' ಬಂದಿತ್ತು. ಎಲ್ಲರೂ ತೋಳಿನ ಮರೆಯಲ್ಲಿ ನಕ್ಕಿದ್ದರು. ಯಾರೋ ತನ್ನನ್ನು ಗೇಲಿ ಮಾಡುತ್ತಿದ್ದಾರೆಂದು ಅವಳೂ ತಲೆ ತಗ್ಗಿಸಿ ಕೂತಿದ್ದಳು. ಯಾರೆಂದು ಕೇಳುವ ಧೈರ್ಯ ಮಾಡಿರಲಿಲ್ಲ.

ನಾತಾಲೀನ ಹೋದಳು. ಆಗಲ್ಲ ಎನ್ನುವುದೇ ಸರಿ ಎಂದು ಎರ್ಸೀಲಿಯ ತೀರ್ಮಾನಿಸಿದಳು. ಕಸದ ಬುಟ್ಟಿಗೆ ಎಸೆದ ಚೀಟಿಗಳ ಮೇಲೆ ಕೂತು ಯಾರಿಗೆ ಏನು ದಾರಿ ತೋರಿಸುವುದು? ಅದೂ ಅಲ್ಲದೆ, ಯಾರಿಗೂ ಹೇಳದ ಇನ್ನೊಂದು ಮಾತಿತ್ತು. ಅವಳ ಪ್ರಾರ್ಥನೆಯೂ ಆ ತಿರುಗುಗೂಡಿನ ಹಾಗೆಯೇ. ಇಡುತ್ತಾಳೆ, ತಿರುಗಿಸುತ್ತಾಳೆ. ಆಚೆ ಯಾರಾದರೂ ತೆಗೆದುಕೊಂಡರೋ ಇಲ್ಲವೋ ಮೂವತ್ತೊಂದು ವರ್ಷದಲ್ಲಿ ಗೊತ್ತಾಗಿಲ್ಲ. ಇಂಥವಳು ಮಠಕ್ಕೆ ಅಮ್ಮನಾದರೆ ಅದಕ್ಕಿಂತ ಮೋಸವುಂಟೇ?

ಬಾಗಿಲಲ್ಲಿ ನೆರಳು ಬಿತ್ತು. ಫುಲ್ಜೆನ್ಸಿಯ. ನಕ್ಕದ್ದನ್ನು ಯಾರೂ ಕಂಡಿಲ್ಲದ ಮುಖ. ರಾಗ ತಪ್ಪಿದಾಗೆಲ್ಲ ಎರ್ಸೀಲಿಯಳನ್ನು ಎಲ್ಲರೆದುರು ನಿಲ್ಲಿಸಿ ಬೈಯುವವಳು.

"ಗೊತ್ತು ಕಣೆ, ನೀನೂ ಎಸೆದೆ, ಅದನ್ನ ಹೇಳಕ್ಕೆ ಬಂದಿದೀಯ," ಎಂದಳು ಎರ್ಸೀಲಿಯ. "ಆಗಲ್ಲ ಅಂತೀನಿ. ಹೋಗು, ಪಾಸ್ತಾ ತಿನ್ನು."

"ನಾನು ಎಸೀಲಿಲ್ಲ."

"ಮತ್ತೆ?"

"ಪ್ರತಿ ಸಲ ಬೀಳ್ತಿತ್ತಲ್ಲ ಒಂದು ಓಟು. ಅದು ನಂದು."

ಎರ್ಸೀಲಿಯ ಬೆಚ್ಚಿಬಿದ್ದಳು. "ಗೇಲಿ ಮಾಡ್ತಿದ್ದಿದ್ದು ನೀನಾ?"

"ಗೇಲಿ ಅಲ್ಲ, ಅಕ್ಕ." ಫುಲ್ಜೆನ್ಸಿಯ ಬಾಗಿಲ ಚೌಕಟ್ಟಿಗೆ ಒರಗಿದಳು. "ನಾನು ಬಂದು ಒಂದು ವರ್ಷ ಆಗಿತ್ತು. ಒಂದಿನ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದಾಗ ಗಂಟು ಕಟ್ಕೊಂಡು ಇಲ್ಲಿಗೆ ಬಂದೆ. ಓಡಿಹೋಗಕ್ಕೆ. ನಿನ್ನ ಕಾಲಿಗೆ ಬಿದ್ದಾದ್ರೂ ಬೀಗದ ಕೈ ಇಸ್ಕೋಬೇಕು ಅಂತ. ನೀನು ಒಂದು ಮಾತೂ ಕೇಳ್ದೆ ಬಾಗಿಲು ತೆಗೆದೆ. 'ಬಸ್ಸು ಮೂರೂವರೆಗೆ, ಈಗಿನ್ನೂ ಎರಡು. ಬಿಸಿಲಲ್ಲಿ ನಿಂತು ಏನ್ಮಾಡ್ತೀಯ? ಊಟ ಆಯ್ತಾ? ಬೇಳೆ ಸೂಪಿದೆ, ಕುಡಿ' ಅಂದೆ. ಬಾಗಿಲನ್ನ ಹಾಗೇ ತೆರೆದಿಟ್ಟು ಹುರುಳಿಕಾಯಿ ನಾರು ತೆಗೀತಾ ಕೂತ್ಕೊಂಡೆ."

ಎರ್ಸೀಲಿಯ ನೆನಪು ಕೆದಕಿದಳು. "ಆ ಸೂಪಿಗೆ ಉಪ್ಪು ಕಮ್ಮಿ ಆಗಿತ್ತಲ್ವಾ?"

"ಉಪ್ಪೇ ಇರ್ಲಿಲ್ಲ! ಬಸ್ಸು ಬಂತು, ಹೋಯ್ತು. ನಾನು ಇಲ್ಲೇ ಕೂತಿದ್ದೆ. ಬಾಗಿಲು ಹಾಕಿದ್ರೆ ಒದ್ದು ಹೋಗ್ತಿದ್ದೆ. ತೆರೆದಿತ್ತು, ಅದಕ್ಕೇ ಹೋಗಕ್ಕಾಗ್ಲಿಲ್ಲ. ನೀನು ಯಾರಿಗೂ ಹೇಳ್ಲಿಲ್ಲ. ನಂಗೂ ಮತ್ತೆ ನೆನಪಿಸ್ಲಿಲ್ಲ. ಈ ಮಠದಲ್ಲಿ ಅಮ್ಮ ಅಂತ ಯಾರನ್ನಾದ್ರೂ ಕರೆಯೋದಾದ್ರೆ..."

ಎರ್ಸೀಲಿಯ ದಂಗಾಗಿ ಅವಳನ್ನೇ ನೋಡಿದಳು. ತನ್ನ ಪಾಲಿಗೆ ಅದು ಉಪ್ಪಿಲ್ಲದ ಒಂದು ಸೂಪು. ಇವಳು ಅದರ ಮೇಲೆ ಇಪ್ಪತ್ತು ವರ್ಷ ಬದುಕಿದ್ದಾಳೆ!

"ನಂಗೆ ದೇವರು ಒಂದು ಸಲಾನೂ ಮಾತಾಡಿಲ್ಲ ಕಣೆ," ಎಂದು ಎರ್ಸೀಲಿಯಳ ಬಾಯಿಂದ ಬಂದೇಬಿಟ್ಟಿತು.

"ನಂಗೇನು ದಿನಾ ಕಾಗದ ಬರೀತಾನಾ?" ಎಂದು ಮೂಗು ಒರೆಸಿಕೊಂಡು ಫುಲ್ಜೆನ್ಸಿಯ ಹೊರಟುಹೋದಳು.

ಅರ್ಧ ಗಂಟೆ ಮುಗಿಯಿತು. ಸಭಾಂಗಣದಲ್ಲಿ ಫಾದರ್ ಮತ್ತೆ ಅದೇ ಪ್ರಶ್ನೆ ಕೇಳಿದರು. ಎರ್ಸೀಲಿಯ ಎದ್ದು ನಿಂತಳು. ನಾತಾಲೀನ ಆಗಲೇ ಎರಡನೆಯ ಸುತ್ತಿಗೆ ಪೆನ್ಸಿಲು ಚೂಪು ಮಾಡಿಟ್ಟುಕೊಂಡಿದ್ದಳು.

"ಫಾದರ್, ನನಗೆ ಬಂದ ಹನ್ನೆರಡರಲ್ಲಿ ಹನ್ನೊಂದು ಎಸೆದ ಓಟು."

"ಎಸೆದದ್ದು ಅಂದ್ರೆ?"

"ಯಾರಿಗೂ ನಾನು ಬೇಕಾಗಿರ್ಲಿಲ್ಲ. ಇವಳಿಗೆ ಹೇಗೂ ಬೀಳಲ್ಲ ಅಂತ ಎಲ್ಲರೂ ನನ್ನ ಹೆಸರು ಬರೆದ್ರು."

ಫಾದರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಸಾಲಾಗಿ ಎಲ್ಲರ ಮುಖ ನೋಡಿದರು. ಹನ್ನೊಂದು ಜೊತೆ ಕಣ್ಣು ನೆಲ ನೋಡುತ್ತಿದ್ದವು. ಸಂಗತಿ ತಿಳಿಯದ ಅಜ್ಜಿ ತೆಯೊದೊಲಿಂದಳೂ ಎಲ್ಲರ ಜೊತೆ ತಲೆ ತಗ್ಗಿಸಿದ್ದಳು.

"ಪ್ರಾರ್ಥನೆ ಮಾಡಿ, ಆಣೆ ಇಟ್ಟು, ಆಮೇಲೆ ಈ ಆಟ ಆಡಿದ್ರಾ? ನನಗೆ ಇಪ್ಪತ್ತಾರು ವರ್ಷದ ಅನುಭವ, ಇಂಥದ್ದನ್ನ ಕಂಡಿಲ್ಲ!" ಫಾದರಿಗೆ ಹಸಿವೂ ಮರೆತಿತ್ತು. "ಆದ್ರೂ ಸಿಸ್ಟರ್, ಚೀಟಿ ಚೀಟಿಯೇ. ಮನಸ್ಸಲ್ಲಿ ಏನಿತ್ತು ಅಂತ ನಾನು ಎಣಿಸೋ ಹಾಗಿಲ್ಲ. ಬೇಡ ಅನ್ನೋ ಹಕ್ಕು ನಿಮಗೊಬ್ಬರಿಗೇ ಇರೋದು. ಏನಂತೀರಿ?"

ಬೇಡ ಎನ್ನಲೆಂದೇ ಎರ್ಸೀಲಿಯ ಉಸಿರೆಳೆದುಕೊಂಡಳು. ಆಗ ಬಾಗಿಲ ಗಂಟೆ ಸದ್ದಾಯಿತು.

ಒಂದೇ ಸಲ, ಅದೂ ಅರ್ಧ. ಬ್ರೆಡ್ಡಿನವನದು ಮೂರು ಎಳೆತ, ಅಂಚೆಯವಳದು ಎರಡು. ಈ ಅರ್ಧ ಎಳೆತ ಅವಳಿಗೆ ಚೆನ್ನಾಗಿ ಗೊತ್ತು. ಎಳೆಯಲೋ ಬೇಡವೋ ಎಂದು ಬಹಳ ಹೊತ್ತು ನಿಂತವರು ಹೀಗೆ ಎಳೆಯುತ್ತಾರೆ, ಇನ್ನೂ ಸ್ವಲ್ಪ ತಡವಾದರೆ ಹೊರಟುಹೋಗುತ್ತಾರೆ. ಅವಳ ಕಾಲು ತಾನಾಗಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿತು. ಕೈ ಸೊಂಟದ ಬೀಗದ ಕೈಗೆ ಹೋಯಿತು.

ಹೋಗಿಬಿಟ್ಟರೆ ಮುಗಿಯಿತು, ಅದೇ ಉತ್ತರವಾಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ಸಂಜೆಗೆ ನನ್ನ ಕುರ್ಚಿಯಲ್ಲಿ ನಾನಿರುತ್ತೇನೆ. ಅವಳಿಗೆ ಅದಕ್ಕಿಂತ ಬೇಕಾದದ್ದು ಲೋಕದಲ್ಲಿ ಬೇರೊಂದಿರಲಿಲ್ಲ. ಎದುರಿಗೆ ಫುಲ್ಜೆನ್ಸಿಯ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೋಗಬೇಡ ಎಂದು ಅವಳ ಕಣ್ಣೂ ಹೇಳುತ್ತಿರಲಿಲ್ಲ.

ಎರ್ಸೀಲಿಯ ನಿಂತಳು. ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಮೂವತ್ತೊಂದು ವರ್ಷದ ಗಂಟು, ಬಿಚ್ಚಲು ಹೊತ್ತು ಹಿಡಿಯಿತು. ಅದನ್ನು ತಂದು ನಾತಾಲೀನಳ ಮಡಿಲಿಗೆ ಹಾಕಿದಳು.

"ನೀನು ಹೋಗು ನಾತಾಲೀನ. ಯಾರೇ ಆಗ್ಲಿ, ಯಾಕೆ ಬಂದ್ರಿ ಅಂತ ಕೇಳ್ಬೇಡ. ಮೊದಲು ಊಟ ಆಯ್ತಾ ಕೇಳು. ನಂಗೆ ಇಲ್ಲಿ ಕೆಲ್ಸ ಇದೆ."

"ಆಯ್ತಮ್ಮ," ಎಂದು ನಾತಾಲೀನ ಎದ್ದು ನಡೆದೇಬಿಟ್ಟಳು. ನಾಲ್ಕು ಹೆಜ್ಜೆ ಹೋದ ಮೇಲೆ ತಾನು ಅಂದದ್ದೇನೆಂದು ಅವಳಿಗೆ ಹೊಳೆಯಿತು. ಗಕ್ಕನೆ ನಿಂತಳು. ತಿರುಗಿದಳು. ಬಾಯಿ ಅರ್ಧ ತೆರೆದಿತ್ತು, ಕಿವಿಯವರೆಗೂ ಕೆಂಪೇರಿತ್ತು. ಇಡೀ ಸಭಾಂಗಣ ಅವಳನ್ನೇ ನೋಡುತ್ತಿತ್ತು. ಎಲ್ಲರಿಗಿಂತ ಹೆಚ್ಚು ಬೆರಗಾಗಿ ನೋಡುತ್ತಿದ್ದವಳು ಎರ್ಸೀಲಿಯ.

ಫಾದರ್ ಆಯ್ಕೆಯ ಪುಸ್ತಕ ಎಳೆದುಕೊಂಡು ಮೆಲ್ಲಗೆ ಪೆನ್ನಿನ ಮುಚ್ಚಳ ತೆಗೆದರು.

"ಹೋಗೆ," ಎಂದಳು ಎರ್ಸೀಲಿಯ. "ಹೊರಗೆ ಯಾರೋ ಕಾಯ್ತಿದಾರೆ."