ನೆಲ ಮುಟ್ಟಿದ ಹೊರೆ

“ಏಯ್ ಕತ್ತೆಗಳಾ, ಒಬ್ಬರ ಹಿಂದೊಬ್ಬರು ಬನ್ರೇ! ನಿಮ್ಮಪ್ಪನ ಮನೆ ಮದುವೆಗೆ ಬಂದಿದೀರಾ?”

ಕಾವಲುಗಾರ ಸರಳಿನ ಆಚೆಯಿಂದ ಲಾಠಿ ತೂರಿಸಿ ಅವ್ವನ ಬೆನ್ನ ಮೇಲಿನ ಹೊರೆಗೆ ಬಡಿದ. ಮುಂದೆ ನಾನು, ನನ್ನ ಹಿಂದೆ ಅವ್ವ, ಅವಳ ಹಿಂದೆ ಅತ್ತೆ. ಗಡಿ ದಾಟುವ ಈ ಓಣಿಗೆ ಎರಡೂ ಕಡೆ ಕಬ್ಬಿಣದ ಸರಳು. ಒಬ್ಬಳು ನುಗ್ಗುವಷ್ಟೇ ಜಾಗ. ಪಕ್ಕದ ರಸ್ತೆಯಲ್ಲಿ ಪರದೇಶದವರ ಕಾರುಗಳು ಸಲಾಮು ಹೊಡೆಸಿಕೊಂಡು ದಾಟುತ್ತಿದ್ದವು.

ಮೈಮೇಲೆ ಹೊತ್ತದ್ದು ಪ್ರಯಾಣಿಕರ ಸಾಮಾನು, ಅದಕ್ಕೆ ಸುಂಕವಿಲ್ಲ. ನೆಲ ಮುಟ್ಟಿದರೆ ಸರಕು, ಜಪ್ತಿ. ಅದಕ್ಕೇ ವ್ಯಾಪಾರಿ ತನ್ನ ಕಂಬಳಿಗಳನ್ನೆಲ್ಲ ನಮ್ಮ ಬೆನ್ನಿಗೆ ಕಟ್ಟಿಸುತ್ತಾನೆ. ಹಗ್ಗಕ್ಕೆ ಎದೆಯ ಮೇಲೆ ಜಾರುಗಂಟು ಹಾಕುವುದು ರೂಢಿ. ಬಿದ್ದರೆ ಎಳೆದು ಬಿಚ್ಚಿಕೊಳ್ಳಬಹುದು. ನಿನ್ನೆ ಈ ಕಾವಲುಗಾರ ತಮಾಷೆಗೆಂದು ಅವ್ವನ ಗಂಟನ್ನು ಎಳೆದಿದ್ದ. ಹೊರೆ ಬಿದ್ದು ಜಪ್ತಿಯಾಯಿತು. ಇನ್ನೊಂದು ಹೋದರೆ ಈ ಕಡೆ ತಲೆ ಹಾಕಬೇಡ ಎಂದಿದ್ದ ವ್ಯಾಪಾರಿ.

ಇವತ್ತು ಅವ್ವ ಬಿಗಿಗಂಟು ಹಾಕಿ, ಅದು ಇನ್ನೂ ಬಿಗಿಯಲೆಂದು ಮೇಲೆ ನೀರು ಚಿಮುಕಿಸಿಕೊಂಡಿದ್ದಳು. “ಈಗ ಎಳೀಲಿ ನೋಡೋಣ, ಅವನ ಕೈ ಸೇದಿಹೋಗ.”

ತಿರುಗುಗೇಟಿನ ಹತ್ತಿರ ಅವಳ ಕಾಲು ಜಾರಿತು. ಹೊರೆ ಸರಳುಗಳ ನಡುವೆ ಮೇಲೆಯೇ ಸಿಕ್ಕಿಕೊಂಡಿತು. ಹಗ್ಗ ಎದೆಯಿಂದ ಕುತ್ತಿಗೆಗೆ ಸರಿದು, ಅವ್ವ ಅದಕ್ಕೇ ಜೋತುಬಿದ್ದಳು. ನಾನು ತಿರುಗಿ ಗಂಟಿಗೆ ಕೈ ಹಾಕಿದೆ. ಉಗುರು ಕಿತ್ತುಬಂತು, ಗಂಟು ಸಡಿಲಲಿಲ್ಲ.

“ಉಸಿರು ಕಟ್ಟೈತ್ರೋ! ಯಾರಾದ್ರೂ ಹಗ್ಗ ಕೊಯ್ರೋ!” ಅತ್ತೆ ಹಿಂದಿನಿಂದ ಹೊರೆ ಎತ್ತಿಹಿಡಿಯಲು ಒದ್ದಾಡುತ್ತಿದ್ದಳು.

ಸುಂಕದ ಸಾಹೇಬ ಸರಳಿನ ಆಚೆ ಬಂದು ನಿಂತ. ಕೈಯಲ್ಲಿ ಮೂಟೆ ಕೊಯ್ದು ನೋಡುವ ಚಾಕು.

“ಕೊಯ್ದರೆ ಹೊರೆ ಕೆಳಗೆ ಬೀಳುತ್ತೆ. ಆಮೇಲೆ ಕಾಲು ಹಿಡೀಬಾರದು. ಏನೇ ಹುಡುಗಿ, ಕಂಬಳಿ ಬೇಕಾ, ಅವ್ವ ಬೇಕಾ? ಬಾಯಿ ಬಿಟ್ಟು ಹೇಳು.”

“ಅದಕ್ಕೆಲ್ಲಿ ಬಾಯಿ ಸಾರ್? ಮೂಗಿ ಅದು,” ಕಾವಲುಗಾರ ನಕ್ಕ.

ಅವ್ವನ ತುಟಿ ನೀಲಿಯಾಗಿತ್ತು. ನನ್ನನ್ನೇ ನೋಡುತ್ತ ತಲೆ ಅಲ್ಲಾಡಿಸಿದಳು. ಬೇಡ.

ಸಾಹೇಬನ ಕೈಯಿಂದ ಚಾಕು ಕಿತ್ತುಕೊಂಡೆ. ಹಗ್ಗ ಹರಿಯಿತು. ಅವ್ವ ಬಿದ್ದಳು, ಪಕ್ಕದಲ್ಲೇ ಹೊರೆ ಬಿತ್ತು.

“ಚಾಕು ಕೊಡೇ ಬೋಸುಡಿ!” ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದಿದ್ದ. “ಜಪ್ತಿ! ಅವಳದು ಜಪ್ತಿ!”

“ನಂದೂ ಬರ್ಕೊಳೋ ಸೂಳೆಮಗನೇ,” ಎಂದಳು ಅತ್ತೆ. ಎದೆಯ ಗಂಟು ಎಳೆದಳು. ಅವಳ ಹೊರೆ ದೊಪ್ಪನೆ ನೆಲಕ್ಕೆ ಕೂತಿತು. ಅವಳ ಹಿಂದಿನವಳೂ ಎಳೆದಳು. ಓಣಿಯ ಆ ತುದಿಯವರೆಗೂ ಒಂದೊಂದೇ ಬೀಳುವ ಸದ್ದು ಕೇಳುತ್ತಾ ಹೋಯಿತು. ನಾನು ನನ್ನದನ್ನೂ ಬೀಳಿಸಿದೆ.

ದಾರಿ ಕಟ್ಟಿತು. ಕಾವಲುಗಾರ ಸೀಟಿ ಊದುತ್ತಲೇ ಇದ್ದ.

ಅವ್ವನ ಮೂಗಿನ ಹತ್ತಿರ ಬೆರಳು ಹಿಡಿದು ಕೂತೆ. ಒಂದು ಕೈಯಲ್ಲಿ ಚಾಕು ಹಾಗೆಯೇ ಇತ್ತು.